ತಂತಿಯ ಇಯರ್‌ಫೋನು: ಗುಣವೆಷ್ಟು, ದೋಷವೆಷ್ಟು?

ಯಾವ ಊರಿನ ಬಸ್ ನಿಲ್ದಾಣಕ್ಕೆ ಹೋದರೂ ಅಲ್ಲೊಂದು ತಳ್ಳುಗಾಡಿ ಇರುತ್ತದೆ. ಬಾಚಣಿಗೆ, ಕರವಸ್ತ್ರ, ಮೊಬೈಲ್ ಕವರುಗಳ ನಡುವೆ ಬಿಳಿ, ಕಪ್ಪು ತಂತಿಗಳ ಗೊಂಚಲೊಂದು ಅಲ್ಲಿ ತೂಗುತ್ತಿರುತ್ತದೆ. ನೂರಿನ್ನೂರು ರೂಪಾಯಿಗೆ ಸಿಗುವ ಸಾದಾ ಇಯರ್‌ಫೋನು ಅದು. ಕೊಳ್ಳುವವರು ಚೌಕಾಸಿ ಮಾಡುತ್ತಾರೆ, ಫೋನಿಗೆ ಸಿಕ್ಕಿಸಿ ಒಂದು ಹಾಡು ಕೇಳುತ್ತಾರೆ, 'ಎರಡೂ ಕಡೆ ಬರ್ತಿದೆ' ಎಂದು ಖಾತ್ರಿಯಾದರೆ ಜೇಬಿಗಿಳಿಸಿ ಬಸ್ಸು ಹತ್ತುತ್ತಾರೆ. ಪರೀಕ್ಷೆ ಅಲ್ಲಿಗೆ ಮುಗಿಯಿತು.

ತಂತಿಯಿಲ್ಲದ ಇಯರ್‌ಬಡ್‌ಗಳು ಮಾರುಕಟ್ಟೆಗೆ ಬಂದಾಗ ಇನ್ನು ತಂತಿಯ ಕಾಲ ಮುಗಿಯಿತು ಎಂದವರು ಬಹಳ. ಹಾಗಾಗಲಿಲ್ಲ. ಗೊಂಚಲು ಈಗಲೂ ತೂಗುತ್ತಿದೆ. ಹಾಗಾದರೆ ಈ ಅಗ್ಗದ ವಸ್ತುವಿನಲ್ಲಿ ನಿಜವಾಗಿ ಇರುವ ಗುಣವೇನು, ಅದರ ದೋಷಗಳೇನು? ಎರಡು ಕಡೆಯೂ ಸದ್ದು ಬಂದರೆ ಸಾಕೆ? ಇದಕ್ಕೆ ಉತ್ತರ ಬೇಕಾದರೆ ಅದರ ಹುಟ್ಟನ್ನೂ ಒಳಗನ್ನೂ ಸ್ವಲ್ಪ ನೋಡಬೇಕಾಗುತ್ತದೆ.

ದೂರವಾಣಿಯ ಕೂಸು

ಇಯರ್‌ಫೋನು ಸಂಗೀತಕ್ಕಾಗಿ ಹುಟ್ಟಿದ್ದಲ್ಲ. ಅದು ದೂರವಾಣಿಯ ಕೂಸು. ಅಲೆಗ್ಸಾಂಡರ್ ಗ್ರಹಾಂ ಬೆಲ್ 1876ರಲ್ಲಿ ದೂರವಾಣಿಗೆ ಪೇಟೆಂಟ್ ಪಡೆದ ಮೇಲೆ ಊರೂರುಗಳಲ್ಲಿ ವಿನಿಮಯ ಕೇಂದ್ರಗಳು ತಲೆಯೆತ್ತಿದವು. ಅಲ್ಲಿ ದಿನವಿಡೀ ಕುಳಿತು ಕರೆಗಳನ್ನು ಜೋಡಿಸುವ ಸಿಬ್ಬಂದಿಗೆ ಎರಡೂ ಕೈ ಬಿಡುವಾಗಿರಬೇಕು, ಕಿವಿಗೆ ಮಾತು ಕೇಳುತ್ತಲೇ ಇರಬೇಕು. 1880ರ ದಶಕದಲ್ಲಿ ಅಮೆರಿಕದ ಆಪರೇಟರುಗಳಿಗೆ ಕೊಟ್ಟಿದ್ದ ಒಂದು ಸಾಧನವನ್ನು ಹೆಗಲ ಮೇಲೆ ಹೊರಬೇಕಾಗಿತ್ತು. ಅದರ ತೂಕ ನಾಲ್ಕು ಕಿಲೊಗೂ ಮಿಗಿಲು!

ಇದೇ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 1881ರ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮೆಂ ಅದೇರ್ ಎಂಬ ಎಂಜಿನಿಯರು ಒಪೆರಾ ರಂಗಮಂದಿರದ ಹಾಡನ್ನು ತಂತಿಯ ಮೂಲಕ ಪ್ರದರ್ಶನಕ್ಕೆ ಬಂದವರ ಕಿವಿಗೆ ತಲುಪಿಸಿದರು. ಕೇಳುವವರು ಒಂದೊಂದು ಕಿವಿಗೆ ಒಂದೊಂದು ರಿಸೀವರ್ ಹಿಡಿದುಕೊಳ್ಳಬೇಕಿತ್ತು. ವೇದಿಕೆಯ ಬೇರೆ ಬೇರೆ ಜಾಗದಲ್ಲಿದ್ದ ಮೈಕುಗಳ ಸದ್ದು ಎರಡು ಕಿವಿಗೆ ಬೇರೆಬೇರೆಯಾಗಿ ಬಂದಾಗ ಗಾಯಕರು ಎಡದಿಂದ ಬಲಕ್ಕೆ ನಡೆದದ್ದೂ ಕೇಳುಗರಿಗೆ ಗೊತ್ತಾಯಿತು. ಇಂದು ನಾವು ಸ್ಟೀರಿಯೊ ಎನ್ನುವ ಅನುಭವದ ಮೊದಲ ರುಚಿ ಇದು.

ಕಿವಿಯೊಳಗೇ ಕೂರುವ ರಿಸೀವರಿಗೆ ಫ್ರಾನ್ಸಿನ ಎಂಜಿನಿಯರ್ ಅರ್ನೆಸ್ಟ್ ಮರ್ಕಾದಿಯೆ 1891ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅದರ ತೂಕ 50 ಗ್ರಾಂ ಆಸುಪಾಸು. ಕಿವಿಗೆ ಉಜ್ಜದಿರಲೆಂದು ಅದಕ್ಕೆ ರಬ್ಬರಿನ ಮುಸುಕು ಬೇರೆ ಇತ್ತು. ನೂರಮೂವತ್ತು ವರ್ಷಕ್ಕೂ ಹಿಂದಿನ ಆ ಚಿತ್ರವನ್ನು ಈಗ ನೋಡಿದರೆ ಇಂದಿನ ಇಯರ್‌ಫೋನಿನ ಮುತ್ತಜ್ಜನೆಂದು ಯಾರಾದರೂ ಗುರುತಿಸಬಲ್ಲರು. ಆದರೆ ಆಗಿನ ಆಯಸ್ಕಾಂತಗಳು ದುರ್ಬಲವಾಗಿದ್ದವು. ಸಾಕಷ್ಟು ಸದ್ದು ಬೇಕೆಂದರೆ ದೊಡ್ಡ ಆಯಸ್ಕಾಂತ ಬೇಕು. ದೊಡ್ಡದಾದರೆ ಕಿವಿಯಲ್ಲಿ ನಿಲ್ಲದು. ಹೀಗಾಗಿ ತಲೆಯ ಮೇಲೆ ಪಟ್ಟಿ ಹಾಕಿಕೊಳ್ಳುವ ಹೆಡ್‌ಫೋನುಗಳೇ ಬಹುಕಾಲ ಚಾಲ್ತಿಯಲ್ಲಿದ್ದವು. 1910ರಲ್ಲಿ ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ ತನ್ನ ಮನೆಯ ಅಡುಗೆಕೋಣೆಯಲ್ಲಿ ತಯಾರಿಸಿದ ಹೆಡ್‌ಫೋನನ್ನು ಆ ದೇಶದ ನೌಕಾಪಡೆ ಕೊಂಡುಕೊಂಡಿತು.

ಒಂಟಿ ಕಿವಿಯಿಂದ ಜೋಡಿ ಕಿವಿಗೆ

ಸಾಮಾನ್ಯ ಜನರ ಕಿವಿಗೆ ಪುಟ್ಟ ಇಯರ್‌ಫೋನು ಬಂದದ್ದು ಟ್ರಾನ್ಸಿಸ್ಟರ್ ರೇಡಿಯೊದ ಜೊತೆಗೆ. 1954ರಲ್ಲಿ ಅಮೆರಿಕದಲ್ಲಿ 'ರೀಜೆನ್ಸಿ ಟಿಆರ್-1' ಎಂಬ ಜೇಬಿನ ರೇಡಿಯೊ ಮಾರಾಟಕ್ಕೆ ಬಂತು. ಆ ಬಗೆಯ ರೇಡಿಯೊಗಳಿಗೆ ಒಂದೇ ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನು ಸಿಗುತ್ತಿತ್ತು. ನಮ್ಮಲ್ಲೂ ಟೆಸ್ಟ್ ಪಂದ್ಯದ ದಿನಗಳಲ್ಲಿ ಕಚೇರಿಯ ಕಡತಗಳ ಮರೆಯಲ್ಲಿ, ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕಾಮೆಂಟರಿ ಕೇಳಿದವರಿಗೆ ಆ ಒಂಟಿ ಇಯರ್‌ಫೋನು ನೆನಪಿರಬಹುದು. ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳುವ ಸದ್ದು; ಆದರೂ ಸ್ಕೋರು ಸ್ಪಷ್ಟ.

ದೊಡ್ಡ ತಿರುವು 1979ರದು. ಆ ವರ್ಷದ ಜುಲೈ 1ರಂದು ಜಪಾನಿನ ಸೋನಿ ಕಂಪೆನಿ ವಾಕ್‌ಮನ್ ಬಿಡುಗಡೆ ಮಾಡಿತು. ಆವರೆಗೆ ಹೆಡ್‌ಫೋನುಗಳು ಸಾಮಾನ್ಯವಾಗಿ 300ರಿಂದ 400 ಗ್ರಾಂ ತೂಗುತ್ತಿದ್ದವು. ವಾಕ್‌ಮನ್ ಜೊತೆ ಬಂದದ್ದರ ತೂಕ ಸುಮಾರು 50 ಗ್ರಾಂ ಮಾತ್ರ. ಒಬ್ಬರೇ ಕೇಳುವುದು ಪಕ್ಕದವರಿಗೆ ಅಗೌರವವಾದೀತೆಂಬ ಅಳುಕು ಕಂಪೆನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಅವರಿಗಿತ್ತು. ಹಾಗಾಗಿ ಮೊದಲ ವಾಕ್‌ಮನ್‌ನಲ್ಲಿ ಇಬ್ಬರು ಕೇಳಲು ಎರಡು ತೂತುಗಳಿದ್ದವು! ಜನ ಮಾತ್ರ ಒಬ್ಬೊಬ್ಬರೇ ಕೇಳುವುದನ್ನು ಇಷ್ಟಪಟ್ಟರು. ಎಂಬತ್ತರ ದಶಕದಲ್ಲಿ ಗಲ್ಫ್ ದೇಶಗಳಿಂದ ರಜೆಗೆ ಬರುತ್ತಿದ್ದ ಕರಾವಳಿಯವರ ಪೆಟ್ಟಿಗೆಗಳಲ್ಲಿ ವಾಕ್‌ಮನ್ ಇಲ್ಲಿಗೂ ಬಂತು.

1982ರಲ್ಲಿ ಸೋನಿ ತಲೆಪಟ್ಟಿಯನ್ನೂ ತೆಗೆದುಹಾಕಿ, ಕಿವಿಯ ಬಟ್ಟಲಿನಲ್ಲಿ ನೇರವಾಗಿ ಕೂರುವ ಜೋಡಿ ಇಯರ್‌ಫೋನನ್ನು ಹೊರತಂದಿತು. ಇದು ಕೈಗೂಡಲು ಕಾರಣ ಸಮೇರಿಯಂನಂಥ ವಿರಳ ಲೋಹಗಳಿಂದ ಮಾಡಿದ ಹೊಸ ಆಯಸ್ಕಾಂತಗಳು. ಅದರ ಬೆನ್ನಿಗೇ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟರ್ಸ್‌ನ ಸಂಶೋಧಕರು ಬೇರೆಬೇರೆಯಾಗಿ ನಿಯೋಡಿಮಿಯಂ ಆಯಸ್ಕಾಂತವನ್ನು ಕಂಡುಹಿಡಿದು 1983ರಲ್ಲಿ ಪ್ರಕಟಿಸಿದರು. ಗುಂಡಿಯಷ್ಟು ಚಿಕ್ಕದಾದರೂ ಭಾರಿ ಸೆಳೆತವುಳ್ಳ ಈ ಆಯಸ್ಕಾಂತ ಅಗ್ಗವಾಗುತ್ತ ಬಂದಂತೆ ಇಯರ್‌ಫೋನೂ ಅಗ್ಗವಾಯಿತು. 2001ರಲ್ಲಿ ಆಪಲ್ ಕಂಪೆನಿಯ ಐಪಾಡ್ ಜೊತೆ ಬಂದ ಬಿಳಿ ತಂತಿ ಅದನ್ನು ಜಗತ್ತಿನ ಗುರುತನ್ನಾಗಿಸಿತು. ಆಮೇಲೆ ಮೊಬೈಲ್ ಫೋನಿನ ಪೆಟ್ಟಿಗೆಯಲ್ಲೇ ಅದು ಉಚಿತವಾಗಿ ಬರತೊಡಗಿತು.

ಒಳಗೇನಿದೆ?

ಸಾದಾ ಇಯರ್‌ಫೋನಿನ ಒಳಗೆ ಇರುವುದು ಮೂರೇ ವಸ್ತು: ಪುಟ್ಟ ಆಯಸ್ಕಾಂತ, ಕೂದಲಿಗಿಂತ ತೆಳುವಾದ ತಾಮ್ರದ ಸುರುಳಿ, ಆ ಸುರುಳಿಗೆ ಅಂಟಿಸಿದ ಪ್ಲಾಸ್ಟಿಕ್ ಪೊರೆ. ಫೋನಿನಿಂದ ಬರುವ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಆಯಸ್ಕಾಂತ ಅದನ್ನು ಸೆಳೆಯುತ್ತದೆ, ತಳ್ಳುತ್ತದೆ. ಸುರುಳಿಯ ಜೊತೆ ಪೊರೆಯೂ ಅದುರುತ್ತದೆ. ಪೊರೆ ಗಾಳಿಯನ್ನು ಅದುರಿಸಿದಾಗ ಅದೇ ನಮಗೆ ಹಾಡು. ಮದುವೆಮನೆಯ ದೊಡ್ಡ ಸ್ಪೀಕರಿನಲ್ಲಿ ಇರುವುದೂ ಇದೇ ಏರ್ಪಾಡು. ಗಾತ್ರವೊಂದೇ ವ್ಯತ್ಯಾಸ.

ತುದಿಯ ಪಿನ್ನಿನ ಮೇಲೆ ಕಾಣುವ ಕಪ್ಪು ಗೆರೆಗಳಿಗೂ ಅರ್ಥವಿದೆ. ಅವು ಲೋಹವನ್ನು ಬೇರ್ಪಡಿಸುವ ಗೋಡೆಗಳು. ತುತ್ತತುದಿ ಎಡಗಿವಿಗೆ, ಅದರ ಹಿಂದಿನ ಬಳೆ ಬಲಗಿವಿಗೆ, ಇನ್ನೊಂದು ಭಾಗ ಎರಡಕ್ಕೂ ಸಾಮಾನ್ಯವಾದ ಮರಳುದಾರಿ. ಮೈಕ್ ಇದ್ದರೆ ಮತ್ತೊಂದು ಭಾಗ. ಈ ಜೋಡಣೆಯ ಮೂಲವೂ ದೂರವಾಣಿ ವಿನಿಮಯ ಕೇಂದ್ರವೇ. ಆಪರೇಟರುಗಳು ಕರೆ ಜೋಡಿಸಲು ಬಳಸುತ್ತಿದ್ದ ಕಾಲು ಇಂಚಿನ ಪಿನ್ನು ಕುಗ್ಗಿ ಕುಗ್ಗಿ 3.5 ಮಿಲಿಮೀಟರಿಗೆ ಇಳಿದಿದೆ, ಅಷ್ಟೆ.

ತಂತಿಯ ಲಾಭ

ಇಷ್ಟು ಸರಳವಾಗಿರುವುದೇ ಇದರ ಮೊದಲ ಗುಣ. ಇದಕ್ಕೆ ಬ್ಯಾಟರಿ ಬೇಡ, ಚಾರ್ಜು ಬೇಡ. ಸದ್ದು ಮಾಡಲು ಬೇಕಾದ ಅತ್ಯಲ್ಪ ಶಕ್ತಿಯನ್ನು ಫೋನೇ ಕೊಡುತ್ತದೆ. ತಂತಿಯಿಲ್ಲದ ಇಯರ್‌ಬಡ್‌ನೊಳಗಿನ ಲಿಥಿಯಂ ಬ್ಯಾಟರಿ ಬಳಸಿದಷ್ಟೂ ಸವೆಯುತ್ತದೆ. ಕೆಲವು ವರ್ಷಗಳಲ್ಲಿ ಅದು ನಿಂತರೆ ಉಳಿದೆಲ್ಲ ಚೆನ್ನಾಗಿದ್ದರೂ ವಸ್ತು ಕಸದ ಪಾಲು. ತಂತಿಯದ್ದಕ್ಕೆ ಆ ಆಯುಷ್ಯದ ಮಿತಿಯಿಲ್ಲ. ಜೋಪಾನವಾಗಿ ಇಟ್ಟುಕೊಂಡರೆ ಹತ್ತು ವರ್ಷ ಹಳೆಯದೂ ಹಾಡುತ್ತದೆ.

ಎರಡನೆಯದು ತಡವಿಲ್ಲದಿರುವುದು. ಬ್ಲೂಟೂತ್‌ನಲ್ಲಿ ಸದ್ದನ್ನು ಅಂಕಿಗಳಾಗಿ ಕುಗ್ಗಿಸಿ, ಗಾಳಿಯಲ್ಲಿ ಕಳಿಸಿ, ಆಚೆ ಮತ್ತೆ ಬಿಡಿಸಬೇಕು. ಈ ಕೆಲಸಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಅಥವಾ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಹಾಡು ಕೇಳುವವರಿಗೆ ಇದು ತಿಳಿಯದು. ಹಾಡನ್ನು ಧ್ವನಿಮುದ್ರಿಸುವವರಿಗೆ, ಫೋನಿನಲ್ಲಿ ತಾಳ ಹಾಕಿಕೊಂಡು ಅಭ್ಯಾಸ ಮಾಡುವವರಿಗೆ ಅಷ್ಟೇ ತಡ ಲಯ ತಪ್ಪಿಸಲು ಸಾಕು. ತಂತಿಯಲ್ಲಿ ಈ ತಾಪತ್ರಯವಿಲ್ಲ.

ಮೂರನೆಯದು ಬಹಳ ಮಂದಿ ಗಮನಿಸದ ಉಪಯೋಗ: ಫೋನಿನಲ್ಲಿ ಎಫ್‌ಎಂ ಕೇಳುವಾಗ ಈ ತಂತಿಯೇ ಆಂಟೆನಾ. ಎಫ್‌ಎಂ ತರಂಗದ ಉದ್ದ ಸುಮಾರು 3 ಮೀಟರು. ಅದನ್ನು ಹಿಡಿಯಲು ಅದರ ಕಾಲುಭಾಗದಷ್ಟಾದರೂ, ಎಂದರೆ ಮುಕ್ಕಾಲು ಮೀಟರಿನ ತಂತಿಯಿದ್ದರೆ ಅನುಕೂಲ. ಅಂಗೈಯಗಲದ ಫೋನಿನಲ್ಲಿ ಅಷ್ಟು ಜಾಗವೆಲ್ಲಿ? ಅದಕ್ಕೇ 'ಇಯರ್‌ಫೋನು ಸಿಕ್ಕಿಸಿ' ಎಂದು ಫೋನು ಕೇಳುತ್ತದೆ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈ 3ರಂದು ಪ್ರಾರಂಭವಾದದ್ದು ಬೆಂಗಳೂರಿನಲ್ಲಿ. ಮುಂದೆ ಮೊಬೈಲು ಬಂದಾಗ ನಗರದ ಎಷ್ಟೋ ಕಾವಲುಗಾರರಿಗೆ, ಗಾರ್ಮೆಂಟ್ಸ್ ಕಾರ್ಮಿಕರಿಗೆ, ಚಾಲಕರಿಗೆ ರೇಡಿಯೊ ದೊರೆತದ್ದು ಈ ತಂತಿಯಿಂದ. ನೆರೆ, ಚಂಡಮಾರುತದಂಥ ವಿಪತ್ತಿನಲ್ಲಿ ಇಂಟರ್‌ನೆಟ್ ಕೈಕೊಟ್ಟರೂ ರೇಡಿಯೊ ನಡೆಯುತ್ತದೆಂಬ ಕಾರಣಕ್ಕೆ, ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ಮುಚ್ಚಬೇಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ನೀಡಿತು.

ನಾಲ್ಕನೆಯ ಗುಣ ಮಾತಿನ ಸ್ಪಷ್ಟತೆ. ಮನುಷ್ಯನ ಮಾತನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಕಂಪನಗಳೆಲ್ಲ ಬಹುಮಟ್ಟಿಗೆ ಮಧ್ಯದ ಶ್ರೇಣಿಯವು. ಅಗ್ಗದ ಪೊರೆಯೂ ಅವನ್ನು ಚೆನ್ನಾಗಿಯೇ ನುಡಿಸಬಲ್ಲದು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದ ಮೇಲೆ, ನೆಟ್‌ವರ್ಕ್ ಹುಡುಕಿಕೊಂಡು ಮಲೆನಾಡಿನ ಗುಡ್ಡ ಹತ್ತಿ ಕುಳಿತ ಮಕ್ಕಳಿಗೆ ಪಾಠ ಕೇಳಿಸಲು ನೂರು ರೂಪಾಯಿಯ ಇಯರ್‌ಫೋನು ಸಾಕಾಗಿತ್ತು. ಒಂದೇ ಕೋಣೆಯ ಮನೆಯಲ್ಲಿ ಇಬ್ಬರು ಮಕ್ಕಳು ಎರಡು ತರಗತಿಯ ಪಾಠ ಕೇಳಲು ಸಾಧ್ಯವಾದದ್ದೂ ಇದರಿಂದಲೇ.

ಎಲ್ಲಿ ಸೋಲುತ್ತದೆ?

ಇನ್ನು ದೋಷಗಳು. ಮೊದಲನೆಯದು ಮಂದ್ರದ ಸದ್ದು. ಹಳೆಯ ಮಾದರಿಯ ಸಾದಾ ಇಯರ್‌ಫೋನು ಕಿವಿಯ ಬಾಯಲ್ಲಿ ಸಡಿಲವಾಗಿ ಕೂರುತ್ತದೆ, ಮುಚ್ಚುವುದಿಲ್ಲ. ತಾರದ ಸದ್ದಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಮಂದ್ರದ ನಿಧಾನ ಕಂಪನ ಮಾತ್ರ ಆ ಸಂದಿಯಿಂದ ಸೋರಿಹೋಗುತ್ತದೆ. ಮೃದಂಗದ ಬಲಬದಿಯ ನುಡಿ ಚುರುಕಾಗಿ ಕೇಳುತ್ತದೆ, ಎಡಬದಿಯ ಗುಂಕಾರ ತೆಳುವಾಗುತ್ತದೆ. ಯಕ್ಷಗಾನದ ಧ್ವನಿಮುದ್ರಿಕೆಯಲ್ಲಿ ಚಂಡೆ ಮುಂದೆ ಬರುತ್ತದೆ, ಮದ್ದಳೆ ಹಿಂದೆ ಸರಿಯುತ್ತದೆ. ಬೆರಳಿನಿಂದ ಇಯರ್‌ಫೋನನ್ನು ಮೆಲ್ಲಗೆ ಒಳಕ್ಕೆ ಒತ್ತಿ ನೋಡಿ: ಥಟ್ಟನೆ ಮಂದ್ರ ತುಂಬಿಕೊಳ್ಳುತ್ತದೆ. ಕೊರತೆ ಪೊರೆಯದಲ್ಲ, ಸಂದಿಯದು ಎಂಬುದಕ್ಕೆ ಇದೇ ಸಾಕ್ಷಿ.

ಇದಕ್ಕೆ ಪರಿಹಾರವಾಗಿ ಬಂದದ್ದು ರಬ್ಬರಿನಂಥ ಮೆತ್ತೆಯಿಂದ ಕಿವಿಯ ನಾಳವನ್ನೇ ಮುಚ್ಚುವ ಮಾದರಿ. ಅಮೆರಿಕದ ಎಟಿಮೋಟಿಕ್ ಎಂಬ ಶ್ರವಣ ಸಂಶೋಧನಾ ಕಂಪೆನಿ 1991ರಲ್ಲಿ ಸಂಗೀತಪ್ರಿಯರಿಗಾಗಿ ಅಂಥದ್ದೊಂದನ್ನು ತಂದಿತು. ಈಗ ತಳ್ಳುಗಾಡಿಯಲ್ಲೂ ಈ ಮಾದರಿ ಸಿಗುತ್ತದೆ. ಇದರಲ್ಲಿ ಮಂದ್ರ ಸೋರುವುದಿಲ್ಲ, ಹೊರಗಿನ ಗದ್ದಲವೂ ತಗ್ಗುತ್ತದೆ. ಆದರೆ ಮೆತ್ತೆಯ ಅಳತೆ ಕಿವಿಗೆ ಹೊಂದದಿದ್ದರೆ ಎರಡೂ ಲಾಭ ಇಲ್ಲ. ಅಲ್ಲದೆ ತಂತಿ ಅಂಗಿಗೆ ಉಜ್ಜಿದ ಸದ್ದು, ತನ್ನದೇ ಹೆಜ್ಜೆಯ ಸದ್ದು ತಲೆಯೊಳಗೆ ಗುಡುಗುತ್ತದೆ.

ಎರಡನೆಯ ದೋಷ ತಂತಿಯದೇ. ಅದು ಸಿಕ್ಕಾಗುತ್ತದೆ. ಇದು ಬರೀ ದೂರಲ್ಲ, ವಿಜ್ಞಾನಿಗಳು ಪರೀಕ್ಷಿಸಿದ ಸತ್ಯ. ಅಮೆರಿಕದ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಎಂಬವರು ಡಬ್ಬಿಯಲ್ಲಿ ದಾರ ಹಾಕಿ ಉರುಳಿಸಿ, 3,415 ಬಾರಿ ಪ್ರಯೋಗ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವೇ ಸೆಕೆಂಡುಗಳಲ್ಲಿ ದಾರ ತಾನಾಗಿಯೇ ಗಂಟಾಗುತ್ತಿತ್ತು. ಅರ್ಧ ಮೀಟರಿಗಿಂತ ಚಿಕ್ಕ ದಾರ ಮಾತ್ರ ಬಹುತೇಕ ಪಾರಾಗುತ್ತಿತ್ತು. ಇಯರ್‌ಫೋನಿನ ತಂತಿ ಸಾಮಾನ್ಯವಾಗಿ ಒಂದು ಮೀಟರಿಗೂ ಉದ್ದ, ಸಾಲದ್ದಕ್ಕೆ ಕವಲು ಬೇರೆ. ಜೇಬಿನಲ್ಲಿ ಗಂಟಾಗದಿದ್ದರೇ ಆಶ್ಚರ್ಯ.

ಗಂಟಿಗಿಂತ ದೊಡ್ಡ ಸಮಸ್ಯೆ ಮುರಿಯುವುದು. ಪಿನ್ನಿನ ಬುಡದಲ್ಲಿ ತಂತಿ ಸಾವಿರಾರು ಬಾರಿ ಬಗ್ಗುತ್ತದೆ. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಎಡದ ಅಥವಾ ಬಲದ ತಂತಿ ಕಡಿದರೆ ಒಂದು ಕಿವಿ ಮೌನ. ಎರಡಕ್ಕೂ ಸಾಮಾನ್ಯವಾದ ಮರಳುದಾರಿ ಕಡಿದರೆ ಮಾತ್ರ ವಿಚಿತ್ರ ನಡೆಯುತ್ತದೆ: ವಾದ್ಯಗಳು ಕೇಳುತ್ತವೆ, ಗಾಯಕರು ಮಾಯ! ಆಗ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವಷ್ಟೇ ಕಿವಿಗೆ ಬರುತ್ತದೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎರಡು ಕಡೆಗೂ ಸಮವಾಗಿ ಧ್ವನಿಮುದ್ರಿಸಿರುತ್ತಾರಾದ್ದರಿಂದ ಅದು ಪರಸ್ಪರ ಅಳಿಸಿಹೋಗುತ್ತದೆ. ಪಿನ್ನು ಅರ್ಧ ಮಾತ್ರ ಸಿಕ್ಕಿಸಿದರೂ ಹೀಗಾಗುತ್ತದೆ. ಕೆಲವು ಹಳೆಯ ಫೋನುಗಳಲ್ಲಿ ಮೈಕ್ ಮತ್ತು ಮರಳುದಾರಿಯ ಸ್ಥಾನ ಅದಲುಬದಲಾಗಿರುತ್ತಿತ್ತು. ಅವುಗಳ ಇಯರ್‌ಫೋನನ್ನು ಬೇರೆ ಫೋನಿಗೆ ಹಾಕಿದಾಗಲೂ ಇದೇ ಅನುಭವ. ಆಗ ಮೈಕಿನ ಗುಂಡಿ ಒತ್ತಿ ಹಿಡಿದರೆ ಗಾಯಕರು ಮರಳಿ ಬರುತ್ತಾರೆ. ವಸ್ತು ಕೆಟ್ಟಿದೆಯೆಂದು ಎಸೆಯುವ ಮೊದಲು ಇದನ್ನು ಪರೀಕ್ಷಿಸುವುದು ಒಳ್ಳೆಯದು.

ಮೂರನೆಯ ತೊಡಕು ತೂತಿನದು. 2016ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಐಫೋನ್ 7ರಲ್ಲಿ 3.5 ಮಿಲಿಮೀಟರಿನ ತೂತನ್ನೇ ಕೈಬಿಟ್ಟಿತು. 2020ರಲ್ಲಿ ಫೋನಿನ ಪೆಟ್ಟಿಗೆಯಿಂದ ಇಯರ್‌ಫೋನನ್ನೂ ತೆಗೆಯಿತು. ಬೇರೆ ಹಲವು ಕಂಪೆನಿಗಳು ಅದೇ ದಾರಿ ಹಿಡಿದವು. ಅಂಥ ಫೋನುಗಳಿಗೆ ಈಗ 'ಟೈಪ್ ಸಿ' ಪಿನ್ನಿನ ಇಯರ್‌ಫೋನು ಕೊಳ್ಳಬೇಕು, ಇಲ್ಲವೇ ನಡುವೆ ಒಂದು ಅಡಾಪ್ಟರು ಹಾಕಬೇಕು. ಒಂದೇ ಪಿನ್ನು ರೇಡಿಯೊ, ಟೇಪ್ ರೆಕಾರ್ಡರು, ಕಂಪ್ಯೂಟರು, ಫೋನು ಎಲ್ಲಕ್ಕೂ ಒಗ್ಗುತ್ತಿದ್ದ ಅನುಕೂಲ ಮೊದಲಿನಂತೆ ಉಳಿದಿಲ್ಲ.

ತಂತಿಗಿಂತ ಬೆಲೆಯುಳ್ಳದ್ದು

ಇವೆಲ್ಲ ಕಿರಿಕಿರಿಗಳು. ನಿಜವಾದ ಅಪಾಯ ಬೇರೆಯೇ ಇದೆ, ಅದು ಗುಣದ ವೇಷದಲ್ಲಿ ಬರುತ್ತದೆ. ಸಡಿಲವಾಗಿ ಕೂರುವ ಇಯರ್‌ಫೋನಿನಲ್ಲಿ ಹೊರಗಿನ ಸದ್ದೂ ಕೇಳುತ್ತದೆ. ರಸ್ತೆಯಲ್ಲಿ ನಡೆಯುವವರಿಗೆ ಲಾರಿಯ ಹಾರ್ನ್ ಕೇಳುವುದು, ಮನೆಯಲ್ಲಿರುವವರಿಗೆ ಕರೆಗಂಟೆ ಕೇಳುವುದು ಒಳ್ಳೆಯದೇ. ಆದರೆ ಬಸ್ಸಿನಲ್ಲಿ ಎಂಜಿನ್ನಿನ ಮೊರೆತವೂ ಹಾಗೆಯೇ ಒಳಬರುತ್ತದೆ. ಆಗ ಕೇಳುವವರು ಮಾಡುವುದೊಂದೇ: ವಾಲ್ಯೂಮ್ ಏರಿಸುವುದು. ಹಾಡು ಎಂಜಿನ್ನನ್ನು ಮೀರಬೇಕು, ಮಂದ್ರವೂ ಕೇಳಬೇಕು. ಕಿವಿ ಆ ಮಟ್ಟಕ್ಕೆ ಬೇಗ ಒಗ್ಗಿಕೊಳ್ಳುವುದರಿಂದ ಜೋರಾಯಿತೆಂದು ಅನಿಸುವುದೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಇದಕ್ಕೊಂದು ಮಾನದಂಡ ಪ್ರಕಟಿಸಿದವು. ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ ಎಂಬುದು ಅದರ ಮಿತಿ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ, ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕದಲ್ಲಿ ವಯಸ್ಕರಿಗೆ 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5 ಗಂಟೆ, 95ಕ್ಕೆ ವಾರಕ್ಕೆಲ್ಲ ಸೇರಿ ಒಂದೂಕಾಲು ಗಂಟೆ ಮಾತ್ರ. ವಾಲ್ಯೂಮ್ ಪೂರ್ತಿ ಏರಿಸಿದರೆ 100 ಡೆಸಿಬೆಲ್ ದಾಟಬಲ್ಲ ಇಯರ್‌ಫೋನುಗಳಿವೆ. ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಓಡಾಡುವ ಕಾಲೇಜು ವಿದ್ಯಾರ್ಥಿ ಇಡೀ ವಾರದ ಪಾಲನ್ನು ಸೋಮವಾರವೇ ಮುಗಿಸಿಬಿಡಬಹುದು.

ಒಳಗಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸುವ ರೋಮಕೋಶಗಳು ಪ್ರತಿ ಕಿವಿಗೆ ಹದಿನೈದು ಸಾವಿರದಷ್ಟಿರುತ್ತವೆ. ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ನಷ್ಟವಾಗುವುದು ತಾರದ ಸದ್ದು. ಸ, ಶ, ಚ ಅಕ್ಷರಗಳ ವ್ಯತ್ಯಾಸ ಮಸುಕಾಗುತ್ತದೆ, ಗದ್ದಲದಲ್ಲಿ ಎದುರಿನವರ ಮಾತು ಅರ್ಥವಾಗುವುದಿಲ್ಲ. 'ಕೇಳುತ್ತೆ, ಆದರೆ ತಿಳಿಯಲ್ಲ' ಎನ್ನುವ ಸ್ಥಿತಿ ಅದು. ಅದು ನಿಧಾನವಾಗಿ ಬರುವುದರಿಂದ ಗೊತ್ತಾಗುವಾಗ ತಡವಾಗಿರುತ್ತದೆ. ಇನ್ನು ಹಾಡು ಕೇಳುತ್ತ ರೈಲು ಹಳಿ ದಾಟುವವರಿಗೆ ಅಷ್ಟು ಕಾಲಾವಕಾಶವೂ ಇರುವುದಿಲ್ಲ.

ತೀರ್ಪು ಹೇಗೆ?

ಹಾಗಾದರೆ ತಂತಿಯ ಸಾದಾ ಇಯರ್‌ಫೋನನ್ನು ಹೇಗೆ ತೂಗಬೇಕು? ಎಲ್ಲಿ, ಯಾವುದಕ್ಕೆ ಬಳಸುತ್ತೇವೆ ಎಂಬುದೇ ಅಳತೆಗೋಲು. ಮನೆಯಲ್ಲಿ, ಗ್ರಂಥಾಲಯದಲ್ಲಿ, ರಾತ್ರಿ ಪಾಳಿಯ ಕಾವಲುಗುಡಿಸಲಲ್ಲಿ ಪಾಠ, ವಾರ್ತೆ, ಕಾಮೆಂಟರಿ, ಭಾವಗೀತೆ ಕೇಳಲು ಈ ಬೆಲೆಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಗದ್ದಲದ ಬಸ್ಸಿನಲ್ಲಿ ಸಡಿಲ ಮಾದರಿ ಸಲ್ಲದು. ಅಲ್ಲಿ ಮೆತ್ತೆಯಿರುವ ಮಾದರಿ, ಅದೂ ತಗ್ಗಿದ ವಾಲ್ಯೂಮಿನಲ್ಲಿ, ಮೇಲು. ರಸ್ತೆಯಲ್ಲಿ ನಡೆಯುವಾಗ ಎರಡೂ ಬೇಡ.

ಕೊಳ್ಳುವಾಗ ನೋಡಬೇಕಾದ್ದು ಹೆಚ್ಚೇನಿಲ್ಲ. ಪಿನ್ನಿನ ಬುಡದಲ್ಲಿ ಬಾಗುವ ರಬ್ಬರಿನ ತೋಳು ಇದೆಯೇ, ಎಡ ಬಲ ಗುರುತು ಸರಿಯಿದೆಯೇ, ಪರಿಚಿತ ಹಾಡಿನ ಗಾಯಕರು ನಡುವೆ ನಿಂತು ಹಾಡಿದಂತೆ ಕೇಳುತ್ತದೆಯೇ, ಮುಖ್ಯವಾಗಿ ಅರ್ಧ ವಾಲ್ಯೂಮಿನಲ್ಲೇ ಮಾತು ತಿಳಿಯುತ್ತದೆಯೇ ಎಂದು ಪರೀಕ್ಷಿಸಿದರೆ ಸಾಕು. ಮನೆಗೆ ತಂದ ಮೇಲೆ ಪಿನ್ನು ಹಿಡಿದು ಎಳೆಯಬೇಕು, ತಂತಿ ಹಿಡಿದಲ್ಲ. ಫೋನಿಗೆ ಬಿಗಿಯಾಗಿ ಸುತ್ತಬಾರದು. ಜಾಲರಿಯಲ್ಲಿ ಸೇರಿದ ಗುಗ್ಗೆಯನ್ನು ಒಣ ಬ್ರಷ್ಷಿನಿಂದ ತೆಗೆಯುತ್ತಿರಬೇಕು.

ಆಪರೇಟರುಗಳ ಹೆಗಲ ಮೇಲಿದ್ದ ನಾಲ್ಕು ಕಿಲೊದ ಹೊರೆ ಕೆಲವೇ ಗ್ರಾಂಗೆ ಇಳಿದು ಎಲ್ಲರ ಕೈಗೆಟುಕಲು ನೂರು ವರ್ಷ ಹಿಡಿಯಿತು. ತಂತಿ ಕಡಿದರೆ ನೂರು ರೂಪಾಯಿಗೆ ಮತ್ತೊಂದು ಅದೇ ತಳ್ಳುಗಾಡಿಯಲ್ಲಿ ಸಿಗುತ್ತದೆ. ಕಿವಿ ಮಾತ್ರ ಯಾವ ಗಾಡಿಯಲ್ಲೂ ಸಿಗುವುದಿಲ್ಲ.